ಬಿರುಗಾಳಿಯಲ್ಲಿ ಒಂದು ವಿದ್ಯಾರ್ಥಿಸಂಘ

ಸಂಘವನ್ನು ಕಟ್ಟುವುದು ಸುಲಭ. ನಾಲ್ಕು ಮಂದಿ ಉತ್ಸಾಹಿಗಳೂ ಒಂದು ನಡವಳಿಯ ಪುಸ್ತಕವೂ ಇದ್ದರೆ ಸಾಕು. ನೆಮ್ಮದಿಯ ಕಾಲದಲ್ಲಿ ಅದನ್ನು ನಡೆಯಿಸುವುದೂ ಅಷ್ಟೇನೂ ಕಷ್ಟವಲ್ಲ. ವರ್ಷಕ್ಕೆ ನಾಲ್ಕು ಸಭೆ, ಎರಡು ಭಾಷಣ, ಒಂದು ಉಪಾಹಾರ, ಕೊನೆಗೆ ವಂದನಾರ್ಪಣೆ, ಇಷ್ಟರಲ್ಲಿ ಅದರ ಆಯುಷ್ಯವು ಸುಖವಾಗಿ ಸಾಗುವುದು. ಆದರೆ ಕಾಲವು ಕೆಟ್ಟು, ಸದಸ್ಯರಲ್ಲಿ ಒಬ್ಬೊಬ್ಬರಿಗೂ ಒಂದೊಂದು ಭಯವು ಹತ್ತಿಕೊಂಡಾಗ, ಅದೇ ಸಂಘದ ಮುಂದಾಳಾಗಿ ನಿಂತವರು ಏನು ಮಾಡತಕ್ಕದ್ದು? ಕೈಯಲ್ಲಿ ಅಧಿಕಾರವಿಲ್ಲ, ಗಂಟಿನಲ್ಲಿ ಹಣವಿಲ್ಲ, ಉಳಿದವರನ್ನು ಹಿಡಿದ ಭಯವು ತಮ್ಮನ್ನೂ ಬಿಟ್ಟಿಲ್ಲ. ಈ ವಿಷಯದಲ್ಲಿ ನಾವು ಗ್ರಂಥಗಳಿಂದ ತಿಳಿದುದಕ್ಕಿಂತ ನಮ್ಮ ತಮ್ಮನ ಮಗಳಿಂದ ತಿಳಿದುದೇ ಹೆಚ್ಚು. ಆದಕಾರಣ ಅವಳ ಒಂದು ವರ್ಷದ ಅನುಭವವನ್ನು, ಅವಳ ಒಪ್ಪಿಗೆಯನ್ನು ಪಡೆದು, ವಾಚಕರ ಮುಂದಿಡುತ್ತಿದ್ದೇವೆ. ಅವಳ ಹೆಸರನ್ನಾಗಲಿ ಅವಳು ಓದಿದ ವಿಶ್ವವಿದ್ಯಾನಿಲಯದ ಹೆಸರನ್ನಾಗಲಿ ಇಲ್ಲಿ ಹೇಳುವುದಿಲ್ಲ.

ಹುಡುಗಿ ಓದುತ್ತಿದ್ದುದು ಮನಶ್ಶಾಸ್ತ್ರವನ್ನು. ಈ ವಿದ್ಯೆಯು ನಮ್ಮ ನಾಡಿಗೆ ಹೊಸದಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಷ್ಟು ಹಿಂದೆಯೇ ಇದಕ್ಕೊಂದು ವಿಭಾಗವು ಏರ್ಪಟ್ಟಿತ್ತು. ಮುಂದೆ 1935ರಲ್ಲಿ ಮೈಸೂರಿನಲ್ಲಿ ಬಾನುಲಿಯನ್ನು ಆರಂಭಿಸಿದ ಡಾ. ಎಂ. ವಿ. ಗೋಪಾಲಸ್ವಾಮಿಯವರೇ ಅದನ್ನು ಕಟ್ಟಿ ಬೆಳೆಸಿದ ಆಚಾರ್ಯರು. ನಮ್ಮ ಹುಡುಗಿಯು ಬೆಂಗಳೂರಿನಲ್ಲಿ ಎಂ.ಎ. ಮುಗಿಸಿ, 2016ರಲ್ಲಿ ಅಮೆರಿಕದ ಮಧ್ಯಪಶ್ಚಿಮ ಭಾಗದ ಒಂದು ವಿಶ್ವವಿದ್ಯಾನಿಲಯಕ್ಕೆ ಪಿಎಚ್.ಡಿ. ಪದವಿಗಾಗಿ ಹೋದಳು.

ಅಲ್ಲಿಯ ಪದ್ಧತಿಯನ್ನು ಸ್ವಲ್ಪ ವಿವರಿಸದಿದ್ದರೆ ಮುಂದಿನದು ಅರ್ಥವಾಗಲಾರದು. ಅಲ್ಲಿ ಡಾಕ್ಟರ್ ಪದವಿಗೆ ಓದುವವರು ಐದಾರು ವರ್ಷ ಇರಬೇಕು. ಅವರಲ್ಲಿ ಹಲವರಿಗೆ ಶುಲ್ಕವಿಲ್ಲ. ಅದಕ್ಕೆ ಬದಲಾಗಿ ಕೆಳಗಿನ ತರಗತಿಗಳಿಗೆ ಪಾಠ ಹೇಳಬೇಕು, ಇಲ್ಲವೆ ಪ್ರಯೋಗಶಾಲೆಯಲ್ಲಿ ದುಡಿಯಬೇಕು. ಕೊಡುವ ವೇತನವು ಅನೇಕ ಕಡೆ ಒಂಬತ್ತು ತಿಂಗಳಿಗೆ ಮಾತ್ರ. ಬೇಸಗೆಯ ಮೂರು ತಿಂಗಳು ಅವರವರ ಪಾಡು ಅವರವರಿಗೆ. ರೋಗಿಗಳ ಮನಸ್ಸಿಗೆ ಚಿಕಿತ್ಸೆ ಮಾಡುವುದನ್ನು ಕಲಿಯುವವರು ಹಿರಿಯರ ಮೇಲ್ವಿಚಾರಣೆಯಲ್ಲಿ ಇಂತಿಷ್ಟು ಗಂಟೆ ರೋಗಿಗಳನ್ನು ನೋಡಿರಬೇಕು. ಕೊನೆಯಲ್ಲಿ ಒಂದು ವರ್ಷ ಬೇರೆ ಯಾವುದಾದರೂ ಆಸ್ಪತ್ರೆಯಲ್ಲಿಯೋ ಚಿಕಿತ್ಸಾಲಯದಲ್ಲಿಯೋ ಅಭ್ಯಾಸ ಮಾಡಬೇಕು. ಆ ಸ್ಥಾನಗಳು ಇಡೀ ದೇಶಕ್ಕೆ ಒಂದೇ ಎನಿಸುವ ವ್ಯವಸ್ಥೆಯಿಂದ ಹಂಚಿಕೆಯಾಗುವುವು. ಹೀಗೆ ಇವರು ಶಿಷ್ಯರೂ ಹೌದು, ನೌಕರರೂ ಹೌದು. ಆಚಾರ್ಯರು ಗುರುಗಳೂ ಹೌದು, ಯಜಮಾನರೂ ಹೌದು, ನಾಳೆ ಶಿಫಾರಸು ಪತ್ರವನ್ನು ಬರೆಯತಕ್ಕವರೂ ಹೌದು. ಇಂತಹ ಸ್ಥಿತಿಯಲ್ಲಿ ವಿದ್ಯಾರ್ಥಿಯು ಒಬ್ಬನೇ ಬಾಯಿಬಿಡಲು ಹಿಂಜರಿಯುವುದು ಸಹಜ. ಆದುದರಿಂದಲೇ ಸಂಘಗಳು ಬೇಕಾದುವು. ಅಮೆರಿಕದ ಮನಶ್ಶಾಸ್ತ್ರಜ್ಞರ ಮಹಾಸಂಘವು ಹುಟ್ಟಿದುದು 1892ರಲ್ಲಿ. ಅದರೊಳಗೆ ಪದವೀಧರ ವಿದ್ಯಾರ್ಥಿಗಳಿಗೆಂದೇ ಒಂದು ಅಂಗವು ಏರ್ಪಡಬೇಕಾದರೆ 1988ರವರೆಗೆ ಕಾಯಬೇಕಾಯಿತು. ಆ ದೊಡ್ಡ ಮರದ ನೆರಳಿನಲ್ಲಿ ಒಂದೊಂದು ವಿಭಾಗದಲ್ಲಿಯೂ ಚಿಕ್ಕ ಚಿಕ್ಕ ವಿದ್ಯಾರ್ಥಿಸಂಘಗಳಿರುವುದುಂಟು. ನಮ್ಮ ಹುಡುಗಿಯ ವಿಭಾಗದ ಸಂಘದಲ್ಲಿ ಸುಮಾರು 60 ಮಂದಿ ಸದಸ್ಯರಿದ್ದರು.

2020ರ ಮಾರ್ಚ್ ತಿಂಗಳಲ್ಲಿ ಕೋವಿಡ್ ಮಹಾಮಾರಿಯಿಂದ ಅಲ್ಲಿಯ ವಿಶ್ವವಿದ್ಯಾನಿಲಯಗಳು ಬಾಗಿಲು ಮುಚ್ಚಿದುವು. ಇಲ್ಲಿ ನಮ್ಮ ಶಾಲೆಯೂ ಮುಚ್ಚಿತು. ಏಪ್ರಿಲಿನಲ್ಲಿ ಆ ಸಂಘದ ಅಧ್ಯಕ್ಷ ಪದವಿಗೆ ಚುನಾವಣೆ ನಡೆಯಬೇಕಾಗಿತ್ತು. ಬೇರೆ ವರ್ಷಗಳಲ್ಲಿ ಇಬ್ಬರು ಮೂವರು ನಿಲ್ಲುತ್ತಿದ್ದ ಪದವಿಗೆ ಆ ವರ್ಷ ಒಬ್ಬರೂ ಮುಂದೆ ಬರಲಿಲ್ಲ. ಭಾನುವಾರ ಬೆಳಗ್ಗೆ ನಮ್ಮಲ್ಲಿ ಏಳು ಗಂಟೆಯಾದಾಗ ಅವರಲ್ಲಿ ಶನಿವಾರದ ರಾತ್ರಿ. ಆ ಹೊತ್ತಿಗೆ ದೂರವಾಣಿಯಲ್ಲಿ ಮಾತನಾಡುವುದು ನಮ್ಮ ವಾಡಿಕೆ. ಅಂತಹ ಒಂದು ಭಾನುವಾರ ಅವಳು, "ದೊಡ್ಡಪ್ಪ, ಯಾರೂ ನಿಲ್ಲಲಿಲ್ಲ, ಅದಕ್ಕೆ ನಾನು ನಿಂತೆ. ಅಪ್ಪನಿಗೆ ನೀವೇ ಹೇಳಿ" ಎಂದಳು. ನಮ್ಮ ತಮ್ಮನಿಗೆ ಇದು ಸರಿಬೀಳಲಿಲ್ಲ. "ಪರದೇಶದಲ್ಲಿ, ರೋಗದ ಕಾಲದಲ್ಲಿ, ಊರವರ ಹೊರೆಯನ್ನು ಇವಳೇಕೆ ಹೊರಬೇಕು? ನೀವು ಹೇಳಿದರೆ ಕೇಳುತ್ತಾಳೆ, ಬಿಡಿಸಿಬಿಡಿ ಅಣ್ಣ" ಎಂದು ಅವನು ನಮ್ಮನ್ನು ಕೇಳಿಕೊಂಡನು. ಅವಳ ತಾಯಿಯಂತೂ ಮಗಳು ಮನೆಗೆ ಬಂದರೆ ಸಾಕೆಂದು ಹಂಬಲಿಸುತ್ತಿದ್ದಳು. ಆದರೆ ಮಾರ್ಚ್ ತಿಂಗಳ ಕೊನೆಯಲ್ಲಿಯೇ ಹೊರದೇಶದ ವಿಮಾನಗಳು ನಿಂತುಹೋಗಿದ್ದುವು. ಬಿಡು ಎಂದೂ ಬೇಡವೆಂದೂ ನಾವು ಹೇಳಲಿಲ್ಲ. ಪ್ರತಿ ಭಾನುವಾರವೂ ಕೇಳುತ್ತೇವೆ, ನೀನು ಹೇಳು ಎಂದಷ್ಟೇ ಹೇಳಿದೆವು.

ಮೊದಲು ಎದುರಾದುದು ಹಣದ ಪ್ರಶ್ನೆ. ಮಾರ್ಚ್ 27ರಂದು ಆ ದೇಶದ ಸರಕಾರವು ಮಾಡಿದ ಪರಿಹಾರದ ಕಾಯಿದೆಯಲ್ಲಿ ವಿದ್ಯಾರ್ಥಿಗಳಿಗೂ ತುರ್ತಿನ ಸಹಾಯಧನವಿತ್ತು. ಆದರೆ ಅದು ಹೊರದೇಶದ ವಿದ್ಯಾರ್ಥಿಗಳಿಗೆ ಸಲ್ಲತಕ್ಕುದಲ್ಲವೆಂದು ಏಪ್ರಿಲಿನಲ್ಲಿ ವಿವರಣೆ ಹೊರಟಿತು. ಹೊರದೇಶದವರು ತಮ್ಮ ವೀಸಾದ ಕಟ್ಟುಪಾಡಿನಿಂದ ವಿಶ್ವವಿದ್ಯಾನಿಲಯದ ಹೊರಗೆ ಬೇರೆ ಅನುಮತಿಯಿಲ್ಲದೆ ದುಡಿಯುವಂತಿಲ್ಲ. ಬೇಸಗೆಯ ವೇತನವೂ ಇಲ್ಲ, ಸಹಾಯವೂ ಇಲ್ಲ, ಮನೆಗೆ ಹೋಗಲು ವಿಮಾನವೂ ಇಲ್ಲ. ಸಂಘದ ಲೆಕ್ಕದಲ್ಲಿ ಆಗ ಇದ್ದುದು 2,300 ಡಾಲರು. ಅದೂ ವಾರ್ಷಿಕ ಭೋಜನಕ್ಕೆಂದೂ ಉಪನ್ಯಾಸಗಳಿಗೆಂದೂ ತೆಗೆದಿರಿಸಿದುದು. ಇದನ್ನು ಕಷ್ಟದಲ್ಲಿರುವವರಿಗೆ ಕೊಟ್ಟುಬಿಡೋಣವೆಂದು ಕಾರ್ಯಸಮಿತಿಯವರೆಲ್ಲರೂ ಅಂದರು. ಕೂಡಲೇ ಕೊಟ್ಟುಬಿಡಬಹುದಾಗಿತ್ತು, ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ ಹುಡುಗಿಯು ಸಾಮಾನ್ಯ ಸಭೆಯನ್ನು ಕರೆದು, ಹಣದ ಉದ್ದೇಶವನ್ನು ಬದಲಾಯಿಸುವುದಕ್ಕೆ ಎಲ್ಲರ ಅನುಮತಿಯನ್ನು ಪಡೆದು, ಆಮೇಲೆಯೇ ಹಂಚಿದಳು. ಬೇಡಿದವರ ಹೆಸರುಗಳು ಇಬ್ಬರಿಗೆ ಮಾತ್ರ ತಿಳಿದಿರತಕ್ಕದ್ದು, ಅಧ್ಯಕ್ಷೆಯು ಆ ಇಬ್ಬರಲ್ಲಿ ಒಬ್ಬಳಾಗಿರಕೂಡದು ಎಂದು ಗೊತ್ತುಮಾಡಿದಳು. "ನಾಳೆ ನನ್ನನ್ನು ಸಭೆಯಲ್ಲಿ ವಿರೋಧಿಸಬೇಕಾದವರು, ನನ್ನಿಂದ ಹಣ ಪಡೆದೆವಲ್ಲ ಎಂದು ಬಾಯಿ ಮುಚ್ಚಿಕೊಳ್ಳಬಾರದು, ದೊಡ್ಡಪ್ಪ" ಎಂಬುದು ಅವಳು ಕೊಟ್ಟ ಕಾರಣ. ದಾನದ ಗ್ರಹಿತೃವಿಗೆ ಮಾನವನ್ನು ಉಳಿಸಿಕೊಡಬೇಕೆಂದು ನಾವು ಎಷ್ಟೋ ಕಡೆ ಓದಿದ್ದೇವೆ. ಸ್ವಾತಂತ್ರ್ಯವನ್ನೂ ಉಳಿಸಿಕೊಡಬೇಕೆಂಬುದು ನಮಗೆ ಹೊಳೆದಿರಲಿಲ್ಲ.

ಎರಡನೆಯ ತೊಡಕು ವಿಚಿತ್ರವಾದುದು. ಸಭೆಗಳೆಲ್ಲ ಕಂಪ್ಯೂಟರಿನ ತೆರೆಯ ಮೇಲೆ ನಡೆಯುತ್ತಿದ್ದುವು. ಒಂದು ಸೂಚನೆಯನ್ನು ಮಂಡಿಸಿ, ಆಕ್ಷೇಪಣೆಯುಂಟೆ ಎಂದು ಕೇಳಿದರೆ ಯಾರೂ ಮಾತನಾಡುತ್ತಿರಲಿಲ್ಲ. ಸಭೆ ಮುಗಿದ ಮೇಲೆ ಹತ್ತು ಮಂದಿ ಬೇರೆ ಬೇರೆಯಾಗಿ ಪತ್ರ ಬರೆದು ತಮಗೆ ಒಪ್ಪಿಗೆಯಿರಲಿಲ್ಲವೆಂದು ಹೇಳುವರು. ಇದನ್ನು ಕೇಳಿದಾಗ ನಮಗೆ ಬೌದ್ಧರ ವಿನಯಪಿಟಕದ ನೆನಪು ಬಂದಿತು. ಭಿಕ್ಷುಸಂಘದಲ್ಲಿ ಯಾವುದಾದರೊಂದು ಕಾರ್ಯವಾಗಬೇಕಾದರೆ ಮೊದಲು ಸೂಚನೆಯನ್ನು ಸಂಘದ ಮುಂದಿಡುವರು. ಮುಖ್ಯವಾದ ಕಾರ್ಯವಾದರೆ ಮೂರು ಸಲ ಕೇಳುವರು. ಒಪ್ಪಿದವರು ಸುಮ್ಮನಿರಬೇಕು, ಒಪ್ಪದವರು ಮಾತನಾಡಬೇಕು. ಭಿನ್ನಾಭಿಪ್ರಾಯವು ಬಲವಾದರೆ ಶಲಾಕೆಗಳನ್ನು, ಎಂದರೆ ಮರದ ಕಡ್ಡಿಗಳನ್ನು ಹಂಚಿ, ಅವುಗಳನ್ನು ಎಣಿಸಿ ತೀರ್ಮಾನಿಸುವರು. ಆ ಎಣಿಕೆಗೂ ಮೂರು ವಿಧ: ಗುಟ್ಟಾಗಿ, ಕಿವಿಯಲ್ಲಿ ಉಸುರಿ, ಬಹಿರಂಗವಾಗಿ. ಇದನ್ನು ಹೇಳಿದಾಗ ಹುಡುಗಿ ನಕ್ಕಳು. "ಭಿಕ್ಷುಗಳು ಎದುರೆದುರು ಕುಳಿತಿದ್ದರು, ದೊಡ್ಡಪ್ಪ, ಸುಮ್ಮನಿದ್ದವರ ಮುಖವಾದರೂ ಕಾಣುತ್ತಿತ್ತು. ಇಲ್ಲಿ ಅರ್ಧ ಜನರ ಮುಖದ ಸ್ಥಾನದಲ್ಲಿ ಕಪ್ಪು ಚೌಕವಿದೆ. ಇಲ್ಲಿಯ ಮೌನವು ಒಪ್ಪಿಗೆಯೋ, ಭಯವೋ, ಅಡಿಗೆಮನೆಯಲ್ಲಿ ಹಾಲು ಉಕ್ಕಿತೋ ಯಾರಿಗೆ ಗೊತ್ತು?" ಎಂದಳು. ಅಂದಿನಿಂದ ಮುಖ್ಯ ವಿಷಯಗಳಿಗೆಲ್ಲ ಎರಡು ದಿನ ಮುಂಚಿತವಾಗಿ ಬರಹದಲ್ಲಿ ಸೂಚನೆ, ಸಭೆಯಲ್ಲಿ ಒಬ್ಬೊಬ್ಬರಿಗೂ ಸರದಿಯಂತೆ ಮಾತು, ಆಮೇಲೆ ಗುಪ್ತಮತ, ಈ ಕ್ರಮವು ಜಾರಿಗೆ ಬಂದಿತು. ಸರದಿಯು ಹೊಸ ವಿದ್ಯಾರ್ಥಿಗಳಿಂದ ಮೊದಲಾಗುತ್ತಿತ್ತು. ಹಿರಿಯರು ಮೊದಲು ಮಾತನಾಡಿದರೆ ಕಿರಿಯರ ಅಭಿಪ್ರಾಯವು ಅಲ್ಲಿಗೇ ಮುಗಿಯಿತೆಂಬುದನ್ನು ಅವಳು ಕಂಡಿದ್ದಳು.

ಈ ಕ್ರಮವು ಊರಿ ನಿಲ್ಲುವ ಮೊದಲೇ ದೊಡ್ಡ ಗಾಳಿ ಬೀಸಿತು. ಮೇ 25ರಂದು ಮಿನಿಯಾಪೊಲಿಸ್ ನಗರದಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಆಫ್ರಿಕನ್ ಮೂಲದ ಅಮೆರಿಕನರ ಕುತ್ತಿಗೆಯನ್ನು ಪೊಲೀಸಿನವನೊಬ್ಬನು ಮೊಣಕಾಲಿನಿಂದ ಅದುಮಿ ಕೊಂದನು. ಆ ದೇಶದ ಊರೂರುಗಳಲ್ಲಿ ಜನರು ಬೀದಿಗಿಳಿದರು. ಮನಸ್ಸಿನ ನೋವನ್ನು ಅರಿಯುವ ಶಾಸ್ತ್ರವೆಂದು ಹೇಳಿಕೊಳ್ಳುವ ವಿಭಾಗವು ಏನು ಹೇಳುತ್ತದೆ, ವಿದ್ಯಾರ್ಥಿಸಂಘವು ಏನು ಹೇಳುತ್ತದೆ ಎಂಬ ಪ್ರಶ್ನೆಯು ಎದ್ದಿತು. ಸದಸ್ಯರಲ್ಲಿ ಆಫ್ರಿಕನ್ ಮೂಲದವರು ಮೂವರೇ. ಎಲ್ಲರೂ ಅವರ ಕಡೆಗೆ ತಿರುಗಿ, ನೀವು ಬರೆಯಿರಿ, ನೀವು ನಮಗೆ ತಿಳಿಸಿಕೊಡಿ ಎಂದು ದುಂಬಾಲು ಬಿದ್ದರು. ಹುಡುಗಿಯು ಒಬ್ಬೊಬ್ಬರನ್ನೂ ಬೇರೆಯಾಗಿ ವಿಚಾರಿಸಿದಳು. ಅವರಲ್ಲಿ ಒಬ್ಬಾಕೆ, "ನನಗೆ ದಣಿವಾಗಿದೆ. ನೀವೇ ಬರೆಯಿರಿ, ನಾನು ಓದಿ ತಪ್ಪಿದ್ದರೆ ಹೇಳುತ್ತೇನೆ" ಎಂದಳಂತೆ. ಆ ಮಾತನ್ನು ಅವಳು ಆಜ್ಞೆಯೆಂಬಂತೆ ನಡೆಯಿಸಿದಳು.

ಆದರೆ ಏನು ಬರೆಯಬೇಕು? ಒಂದು ಪಕ್ಷದವರು ವಿಭಾಗದಲ್ಲಿ ಹಿಂದೆ ನಡೆದ ಅನ್ಯಾಯಗಳನ್ನು ಆಚಾರ್ಯರ ಹೆಸರು ಹಿಡಿದು ಬಯಲಿಗೆಳೆಯಬೇಕೆಂದರು. ಮತ್ತೊಂದು ಪಕ್ಷದವರು, ಬಹುಮಟ್ಟಿಗೆ ಹೊರದೇಶದವರು, ತಮ್ಮ ವೀಸಾ, ವೇತನ, ಶಿಫಾರಸು ಪತ್ರ ಎಲ್ಲವೂ ಆ ಆಚಾರ್ಯರ ಕೈಯಲ್ಲಿವೆಯಲ್ಲ ಎಂದು ಅಂಜಿದರು. ಅಂಜಿದವರು ಹೇಡಿಗಳಲ್ಲ, ಹೆಸರು ಹಿಡಿಯಬೇಕೆಂದವರು ದುಡುಕಿನವರೂ ಅಲ್ಲ. ಎರಡು ಕಡೆಯಲ್ಲಿಯೂ ಸತ್ಯವಿದ್ದಾಗಲೇ ಸಂಘಗಳು ಒಡೆಯುವುದು. ಮೂರು ಸಭೆಗಳಾದ ಮೇಲೆ, ಪತ್ರವು ಸಂಘದ ಹೆಸರಿನಲ್ಲಿ ಮಾತ್ರ ಹೋಗತಕ್ಕದ್ದು, ಬಿಡಿಯಾಗಿ ಯಾರ ಸಹಿಯನ್ನೂ ಕೇಳಕೂಡದು, ಅದರಲ್ಲಿ ನಾಲ್ಕು ಬೇಡಿಕೆಗಳಿರತಕ್ಕದ್ದು, ಒಂದೊಂದಕ್ಕೂ ಒಂದು ತಾರೀಖೂ ಉತ್ತರ ಕೊಡಬೇಕಾದವರ ಹುದ್ದೆಯೂ ನಮೂದಾಗತಕ್ಕದ್ದು ಎಂದು ಗುಪ್ತಮತದಿಂದ ತೀರ್ಮಾನವಾಯಿತು. ವಿಭಾಗದವರು ಎರಡನ್ನು ಒಪ್ಪಿದರು, ಒಂದನ್ನು ಮುಂದಕ್ಕೆ ಹಾಕಿದರು, ಒಂದನ್ನು ಆಗದೆಂದರು.

ಸಂಘದ ಉಪಾಧ್ಯಕ್ಷೆಯು ಇದನ್ನು ಸಹಿಸಲಿಲ್ಲ. ಅವಳು ನಮ್ಮ ಹುಡುಗಿಯ ಆಪ್ತಸ್ನೇಹಿತೆ. ನಾಲ್ಕು ವರ್ಷ ಒಂದೇ ಮನೆಯಲ್ಲಿ ಬಾಡಿಗೆಗೆ ಇದ್ದವರು. ಮನೆಯು ಉರಿಯುತ್ತಿರುವಾಗ ನೀವು ನೀರಿಗೆ ಅರ್ಜಿ ಬರೆಯುತ್ತಿದ್ದೀರಿ ಎಂಬ ಅರ್ಥದ ಒಂದು ಪತ್ರವನ್ನು ಕೊಟ್ಟು ಅವಳು ಪದವಿಯನ್ನು ಬಿಟ್ಟಳು. ಕೆಲವರು ಆ ಪತ್ರವನ್ನು ನಡವಳಿಯಲ್ಲಿ ಸೇರಿಸದಿರುವುದೇ ಲೇಸೆಂದರು. ಹುಡುಗಿಯು ಒಂದಕ್ಷರವನ್ನೂ ಬಿಡದೆ ಸೇರಿಸಿದಳು.

ನಡವಳಿಯ ವಿಷಯದಲ್ಲಿ ಅವರು ಇಷ್ಟು ಕಟ್ಟುನಿಟ್ಟಾಗಿದ್ದುದಕ್ಕೆ ಒಂದು ಹಿನ್ನೆಲೆಯುಂಟು. ಸಂಘದ ಕೋಶಾಧ್ಯಕ್ಷನು 2015ರಲ್ಲಿ ಅಲ್ಲಿ ವಿದ್ಯಾರ್ಥಿಯಾಗಿ ಸೇರಿದವನು. ಆ ವರ್ಷದ ಜುಲೈ ತಿಂಗಳಲ್ಲಿಯೇ ಮನಶ್ಶಾಸ್ತ್ರಜ್ಞರ ಮಹಾಸಂಘವು ತಾನೇ ನೇಮಿಸಿದ್ದ ಹೊರಗಿನ ವಕೀಲರ ವರದಿಯು ಹೊರಬಿದ್ದಿತ್ತು. ಸೆರೆಯಾಳುಗಳ ವಿಚಾರಣೆಯಲ್ಲಿ ಮನಶ್ಶಾಸ್ತ್ರಜ್ಞರು ಭಾಗವಹಿಸುವುದನ್ನು ಕುರಿತು ಮಹಾಸಂಘವು 2005ರಲ್ಲಿ ಒಂದು ಕಾರ್ಯಪಡೆಯನ್ನು ಕೂಡಿಸಿ ನೀತಿಯನ್ನು ರೂಪಿಸಿತ್ತು. ಆ ನೀತಿಯನ್ನು ಸಡಿಲವಾಗಿಡುವುದಕ್ಕೆ ಮಹಾಸಂಘದ ಕೆಲವು ಅಧಿಕಾರಿಗಳು ರಕ್ಷಣಾ ಇಲಾಖೆಯವರೊಡನೆ ಒಳಗಿಂದೊಳಗೆ ಕೈಗೂಡಿಸಿದ್ದರೆಂದು ವರದಿಯು ಹೇಳಿತು. ವರದಿಯಲ್ಲಿ ಹೆಸರು ಬಂದವರಲ್ಲಿ ಕೆಲವರು ಅದನ್ನು ಅಲ್ಲಗಳೆದು ನ್ಯಾಯಾಲಯಕ್ಕೆ ಹೋದರು. ಆದರೆ 2015ರ ಆಗಸ್ಟಿನಲ್ಲಿ ಟೊರಾಂಟೊ ನಗರದಲ್ಲಿ ಸೇರಿದ ಮಹಾಸಂಘದ ಪರಿಷತ್ತು, ರಾಷ್ಟ್ರರಕ್ಷಣೆಯ ಹೆಸರಿನ ಅಂತಹ ವಿಚಾರಣೆಗಳಲ್ಲಿ ಮನಶ್ಶಾಸ್ತ್ರಜ್ಞರು ಭಾಗವಹಿಸಕೂಡದೆಂದು ಬಹುಮತದಿಂದ ನಿರ್ಣಯಿಸಿತು. "ದೊಡ್ಡ ಸಂಘವು ಕೆಟ್ಟುದು ಗದ್ದಲದಿಂದಲ್ಲ, ಗುಟ್ಟಿನಿಂದ" ಎಂದು ಆ ಕೋಶಾಧ್ಯಕ್ಷನು ಹೇಳುತ್ತಿದ್ದನಂತೆ. ಆದುದರಿಂದ ವಿಭಾಗದ ಮುಖ್ಯಸ್ಥರೊಡನೆ ಯಾವ ಮಾತುಕತೆಯಾದರೂ ಒಬ್ಬರೇ ಹೋಗದೆ ಇಬ್ಬರು ಹೋಗಿ, ಆ ಸಾಯಂಕಾಲವೇ ಅದರ ಸಾರವನ್ನು ಎಲ್ಲರಿಗೂ ಕಳುಹಿಸುತ್ತಿದ್ದರು.

ಜುಲೈ 6ರಂದು ಹೊಸದೊಂದು ಸಿಡಿಲು ಬಡಿಯಿತು. ಮುಂದಿನ ಅವಧಿಯಲ್ಲಿ ಪಾಠಗಳೆಲ್ಲ ದೂರದಿಂದಲೇ ನಡೆಯುವ ವಿದ್ಯಾಸಂಸ್ಥೆಗಳ ಹೊರದೇಶದ ವಿದ್ಯಾರ್ಥಿಗಳು ಆ ದೇಶದಲ್ಲಿ ಇರುವಂತಿಲ್ಲವೆಂದು ಅಲ್ಲಿಯ ವಲಸೆ ಇಲಾಖೆಯು ಸಾರಿತು. ಆ ಭಾನುವಾರ ನಮ್ಮ ತಮ್ಮನೂ ಅವನ ಹೆಂಡತಿಯೂ ನಮ್ಮ ಮನೆಗೇ ಬಂದು ದೂರವಾಣಿಯ ಹತ್ತಿರ ಕುಳಿತರು. ಹುಡುಗಿಯ ದನಿಯು ಎಂದಿನಂತಿರಲಿಲ್ಲ. ಸಂಘವು ಈ ಆಜ್ಞೆಯನ್ನು ಕುರಿತು ಸಭೆ ಸೇರಬೇಕಾಗಿದ್ದಿತು. ಅಧ್ಯಕ್ಷೆಯಾದ ಅವಳೇ ಆ ಆಜ್ಞೆಗೆ ಗುರಿಯಾದವಳು. "ನನ್ನದೇ ಸಂಕಟದ ಮೇಲೆ ನಾನೇ ಅಧ್ಯಕ್ಷತೆ ವಹಿಸಿದರೆ, ಬೇರೆಯವರು ಮನಸ್ಸು ಬಿಚ್ಚಿ ಮಾತನಾಡುವರೆ? ನನಗಾದರೂ ತಲೆ ನೆಟ್ಟಗಿರುವುದೆ?" ಎಂದು ಕೇಳಿ, ಆ ಒಂದು ಸಭೆಯ ಮಟ್ಟಿಗೆ ಅಮೆರಿಕದವಳೇ ಆದ ಕಾರ್ಯದರ್ಶಿಗೆ ಪೀಠವನ್ನು ಬಿಟ್ಟುಕೊಟ್ಟು ತಾನು ಸದಸ್ಯರ ನಡುವೆ ಕುಳಿತಿದ್ದುದಾಗಿ ಹೇಳಿದಳು. ಆ ಸಭೆಯಲ್ಲಿ ಹೊರದೇಶದವರಿಗಾಗಿ ಬಯಲಿನಲ್ಲಿಯಾದರೂ ಒಂದು ತರಗತಿಯನ್ನು ಮುಖಾಮುಖಿಯಾಗಿ ನಡೆಯಿಸುವೆವೆಂದು ಇಬ್ಬರು ಆಚಾರ್ಯರು ಬರೆದು ಕಳುಹಿಸಿದ್ದರಂತೆ. ಅವರಲ್ಲಿ ಒಬ್ಬರು, ಜೂನ್ ತಿಂಗಳಲ್ಲಿ ಹೆಸರು ಹಿಡಿಯಬೇಕೆಂದು ಕೆಲವರು ಹಟಹಿಡಿದಿದ್ದ ಆಚಾರ್ಯರೇ. ಇದರಿಂದ ಹಿಂದಿನ ಅನ್ಯಾಯವು ಅಳಿಯಿತೆನ್ನಲಾಗದು. ಮನುಷ್ಯರು ಒಂದೇ ಬಣ್ಣದವರಲ್ಲವೆಂದಷ್ಟೇ ಹೇಳಬಹುದು.

ಜುಲೈ 8ರಂದು ಹಾರ್ವರ್ಡ್ ವಿಶ್ವವಿದ್ಯಾನಿಲಯವೂ ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯೂ ಬಾಸ್ಟನ್ ನಗರದ ನ್ಯಾಯಾಲಯದಲ್ಲಿ ದಾವೆ ಹೂಡಿದ್ದುವು. 14ರಂದು ಸರಕಾರವು ಆಜ್ಞೆಯನ್ನು ಹಿಂತೆಗೆದುಕೊಂಡಿತು. ಎಂಟು ದಿನಗಳ ಆಯುಷ್ಯದ ಆಜ್ಞೆ. ಆ ಎಂಟು ದಿನಗಳಲ್ಲಿ ನಮ್ಮ ತಮ್ಮನ ಹೆಂಡತಿಯು ಮಗಳ ಕೋಣೆಯನ್ನು ಎರಡು ಸಲ ಗುಡಿಸಿ ಒರೆಸಿ ಸಿದ್ಧಮಾಡಿದ್ದಳು.

ಆಮೇಲಿನ ತಿಂಗಳುಗಳಲ್ಲಿ ಸಿಡಿಲಿರಲಿಲ್ಲ, ಬಿಡದ ಜಡಿಮಳೆಯಿತ್ತು. ಚಿಕಿತ್ಸಾಲಯಗಳು ಮುಚ್ಚಿದುದರಿಂದ ಗಂಟೆಗಳ ಲೆಕ್ಕ ತಪ್ಪಿದವರು, ಪ್ರಯೋಗಕ್ಕೆ ಜನ ಸಿಕ್ಕದೆ ಪ್ರಬಂಧ ನಿಂತುಹೋದವರು, ಮನೆಯವರ ಸಾವಿಗೆ ಹೋಗಲಾರದೆ ಉಳಿದವರು, ಎಲ್ಲರೂ ಅಧ್ಯಕ್ಷೆಗೆ ಬರೆಯುತ್ತಿದ್ದರು. ಕೊನೆಯ ವರ್ಷದ ಅಭ್ಯಾಸಸ್ಥಾನಗಳ ಸಂದರ್ಶನಗಳು ಆ ವರ್ಷ ತೆರೆಯ ಮೇಲೆಯೇ ನಡೆದುವು. ಪ್ರಯಾಣದ ಖರ್ಚು ಉಳಿದುದೊಂದೇ ಲಾಭ. ಸಂದರ್ಶನಕ್ಕೆ ಕುಳಿತುಕೊಳ್ಳಲು ಮನೆಯಲ್ಲಿ ಸದ್ದಿಲ್ಲದ ಮೂಲೆಯಿಲ್ಲದವರಿಗೆ, ವಿಭಾಗದ ಎರಡು ಕೋಣೆಗಳನ್ನು ಸಂಘವು ಕೇಳಿ ಪಡೆದುಕೊಟ್ಟಿತು. ವೃದ್ಧಾಶ್ರಮಗಳಲ್ಲಿ ಸಂಶೋಧನೆ ಮಾಡುತ್ತಿದ್ದ ಒಬ್ಬನು, ಐದು ವರ್ಷದ ಕೆಲಸವು ಮಣ್ಣುಪಾಲಾಯಿತೆಂದು ಓದನ್ನೇ ಬಿಟ್ಟು ಹೋದನು. ಅವನನ್ನು ತಡೆಯಲು ಸಂಘದಿಂದ ಆಗಲಿಲ್ಲ. 2021ರ ಮೇ ತಿಂಗಳಲ್ಲಿ ಹುಡುಗಿಯು ಲೆಕ್ಕವನ್ನೂ ನಡವಳಿಯನ್ನೂ ಮುಂದಿನವರಿಗೆ ಒಪ್ಪಿಸಿದಳು. ಆ ಸಲ ಅಧ್ಯಕ್ಷ ಪದವಿಗೆ ಮೂವರು ನಿಂತಿದ್ದರು. ಬಿಟ್ಟುಹೋದ ಸ್ನೇಹಿತೆಯು ಮಾತ್ರ ಮತ್ತೆ ಮಾತನಾಡಲಿಲ್ಲ, ಇಂದಿಗೂ ಮಾತಿಲ್ಲ.

ಮಹಾಭಾರತದ ಶಾಂತಿಪರ್ವದಲ್ಲಿ ಧರ್ಮರಾಜನು ಗಣಗಳ, ಎಂದರೆ ಅರಸನಿಲ್ಲದೆ ಹಲವರು ಕೂಡಿ ನಡೆಯಿಸುವ ಸಮುದಾಯಗಳ ಸ್ಥಿತಿಯನ್ನು ಕೇಳುವನು. ಅವು ಹೊರಗಿನ ಶತ್ರುವಿಗಿಂತ ಒಳಗಿನ ಭೇದದಿಂದಲೇ ನಾಶವಾಗುವುವೆಂಬುದು ಭೀಷ್ಮನ ಉತ್ತರದ ತಾತ್ಪರ್ಯ. ನಾವು ಇದನ್ನು ಮಕ್ಕಳಿಗೆ ಹೇಳುವಾಗ, ಆದಕಾರಣ ಭೇದವು ಕೂಡದು ಎಂದು ಮುಗಿಸುವುದು ವಾಡಿಕೆ. ಆದರೆ ಭೇದವು ಬೇಡವೆಂದರೆ ಹೋಗತಕ್ಕ ವಸ್ತುವೆ? ಸಾಲವಿದ್ದವನ ಭಯ ಬೇರೆ, ವೀಸಾ ಇದ್ದವನ ಭಯ ಬೇರೆ, ಚರ್ಮದ ಬಣ್ಣಕ್ಕಾಗಿ ಅಂಜಬೇಕಾದವನ ಭಯ ಬೇರೆ. ಇವರನ್ನೆಲ್ಲ ಒಂದೇ ಮಾತಿಗೆ ತರುವುದು ಮುಂದಾಳಿನ ಕೆಲಸವಲ್ಲ. ಒಬ್ಬೊಬ್ಬರ ಮಾತೂ ಕೇಳಿಸುವಂತೆ, ದುರ್ಬಲರು ಅಂಜದೆ ಮತ ಕೊಡುವಂತೆ, ಸೋತವರ ಆಕ್ಷೇಪವೂ ಬರಹದಲ್ಲಿ ಉಳಿಯುವಂತೆ ನೋಡಿಕೊಳ್ಳುವುದು ಅವರ ಕೆಲಸ. ನೆಮ್ಮದಿಯ ಕಾಲದಲ್ಲಿ ನಿಯಮಗಳು ಬರಿಯ ಶಿಷ್ಟಾಚಾರವೆಂದು ತೋರುವುವು. ಕೆಟ್ಟ ಕಾಲದಲ್ಲಿ ಗಟ್ಟಿ ದನಿಯಿದ್ದವರು ಹೇಗೂ ಗೆದ್ದುಕೊಳ್ಳುತ್ತಾರೆ. ಮೆಲುದನಿಯವರಿಗೆ ನಿಯಮವಲ್ಲದೆ ಬೇರೆ ಆಸರೆಯಿಲ್ಲ.

ಹಾಗಾದರೆ ಆ ಸ್ನೇಹಿತೆಯ ಮಾತು ಸುಳ್ಳೆ? ನಿಯಮವು ನಿಧಾನ, ಉರಿಯುವ ಮನೆಯವರಿಗೆ ನಿಧಾನವೂ ಒಂದು ಅನ್ಯಾಯ. ಅದನ್ನು ನಮ್ಮ ಹುಡುಗಿಯೂ ಅಲ್ಲಗಳೆಯುವುದಿಲ್ಲ. ಮುಂದಕ್ಕೆ ಹಾಕಲ್ಪಟ್ಟ ಆ ಮೂರನೆಯ ಬೇಡಿಕೆಯು 2022ರಲ್ಲಿ ಕೈಗೂಡಿತು. ಆಗ ವಿಭಾಗದವರ ಮುಂದೆ ಹೊಸ ಅಧ್ಯಕ್ಷನು ಓದಿದುದು, ನಡವಳಿಯಲ್ಲಿ ಒಂದಕ್ಷರವೂ ಬಿಡದೆ ಉಳಿದಿದ್ದ ಆ ರಾಜೀನಾಮೆಯ ಪತ್ರವನ್ನೇ ಅಂತೆ.

ನಮ್ಮ ವಾಚಕರಲ್ಲಿ ಹಲವರು ಮಹಿಳಾಸಮಾಜಗಳಲ್ಲಿ, ಶಾಲಾಸಮಿತಿಗಳಲ್ಲಿ, ಸಹಕಾರಸಂಘಗಳಲ್ಲಿ ಹೊಣೆಹೊತ್ತವರಿದ್ದೀರಿ. ನಿಮ್ಮ ಮುಂದಿನ ಸಭೆಯಲ್ಲಿ, ಯಾರ ಆಕ್ಷೇಪವೂ ಇಲ್ಲವಷ್ಟೆ ಎಂದು ಕೇಳಿ ಪುಸ್ತಕವನ್ನು ಮುಚ್ಚುವ ಮೊದಲು, ಮೂಲೆಯಲ್ಲಿ ಕುಳಿತು ಇನ್ನೂ ಬಾಯಿಬಿಡದವರ ಹೆಸರು ಹಿಡಿದು ಒಮ್ಮೆ ಕೇಳಿ ನೋಡಿ. ಸಭೆಯು ಅರ್ಧ ಗಂಟೆ ತಡವಾಗಿ ಮುಗಿದೀತು, ಮುಗಿಯಲಿ.